ಚಪ್ಪರ ನಮ್ಮದೇ, ಊಟದ ಟೋಕನ್ ಎಲ್ಲಿ ಸಿಗುತ್ತೆ ಸ್ವಾಮಿ?

ನಮ್ಮ ಬೀದಿಯ ಕೊನೆಮನೆಯಲ್ಲಿ ನಿವೃತ್ತ ಹೆಡ್ ಕ್ಲರ್ಕ್ ಒಬ್ಬರಿದ್ದಾರೆ. ಮೂರು ದಶಕ ಫೈಲು ತಳ್ಳಿದ ಕೈ. ಕ್ರಿಕೆಟ್ಟಿನ ಗಂಧಗಾಳಿ ಇಲ್ಲ. ಎಲ್‌ಬಿಡಬ್ಲ್ಯು ಅಂದರೆ ಲೋಕೋಪಯೋಗಿ ಇಲಾಖೆಯ ಯಾವುದೋ ಉಪವಿಭಾಗ ಅಂತಲೇ ಅವರ ನಂಬಿಕೆ. ಆದರೆ ಜಾಗತಿಕ ಕ್ರಿಕೆಟ್ ಮಂಡಳಿ ಐಸಿಸಿಯ ವಿಶ್ವಕಪ್ ಲೀಗ್-2, ಅಂದರೆ ಏಕದಿನ ವಿಶ್ವಕಪ್ಪಿನ ಬಾಗಿಲು ತಟ್ಟುವ ಸಣ್ಣ ತಂಡಗಳ ಟೂರ್ನಿ ಅನ್ನೋದು ಏನು ಅಂತ ನಮ್ಮ ಬಡಾವಣೆಯಲ್ಲಿ ಒಂದೇ ಏಟಿಗೆ ಅರ್ಥ ಮಾಡಿಕೊಂಡವರು ಅವರೊಬ್ಬರೇ.

ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಾ ಬಿಲ್ಲಿನ ಹಿಂಭಾಗದಲ್ಲಿ ಚಿತ್ರ ಬಿಡಿಸಿ ತೋರಿಸಿದೆ.

"ನೋಡಿ ಸಾರ್, ಎಂಟು ತಂಡ. ಕೆನಡಾ, ನಮೀಬಿಯಾ, ನೇಪಾಳ, ನೆದರ್ಲೆಂಡ್ಸ್, ಓಮನ್, ಸ್ಕಾಟ್ಲೆಂಡ್, ಯುಎಇ, ಅಮೆರಿಕ. 2024ರ ಫೆಬ್ರುವರಿಯಲ್ಲಿ ನೇಪಾಳದಲ್ಲಿ ಶುರು. ಒಬ್ಬೊಬ್ಬರಿಗೆ 36 ಪಂದ್ಯ, ಒಟ್ಟು 144."

"ಗೆದ್ದವರು ವಿಶ್ವಕಪ್ಪಿಗೆ?"

"ಇಲ್ಲ ಸಾರ್. ಮೇಲಿನ ನಾಲ್ಕು ತಂಡ ಅರ್ಹತಾ ಸುತ್ತಿಗೆ."

"ಸೋತವರು ಮನೆಗೆ?"

"ಅದೂ ಇಲ್ಲ. ಕೆಳಗಿನ ನಾಲ್ಕು ಪ್ಲೇಆಫ್‌ಗೆ. ಅಲ್ಲಿಗೆ ಚಾಲೆಂಜ್ ಲೀಗ್ ಅನ್ನೋ ಇನ್ನೂ ಕೆಳಗಿನ ಮೆಟ್ಟಿಲಿಂದ ನಾಲ್ಕು ತಂಡ ಹತ್ತಿಕೊಂಡು ಬರ್ತವೆ. ಆ ಎಂಟರಲ್ಲಿ ನಾಲ್ಕು ಮತ್ತೆ ಅದೇ ಅರ್ಹತಾ ಸುತ್ತಿಗೆ."

ಲೋಟ ಬಾಯಿಗೆ ಒಯ್ಯುತ್ತಿದ್ದವರು ಅರ್ಧದಲ್ಲೇ ನಿಲ್ಲಿಸಿದರು. "ಅಂದ್ರೆ ಈ ಎಂಟಕ್ಕೆ ಎಂಟೂ ಅಲ್ಲಿಗೆ ಹೋಗಬಹುದು?"

"ಹೋಗಬಹುದು."

"ಮೂರು ವರ್ಷ, 144 ಪಂದ್ಯ. ಒಬ್ಬನೂ ಒಳಗೆ ಹೋಗಿಲ್ಲ, ಒಬ್ಬನೂ ಆಚೆ ಬಿದ್ದಿಲ್ಲ." ಅವರ ಮುಖದ ಮೇಲೆ ಹಳೇ ಸಹೋದ್ಯೋಗಿಯನ್ನು ಕಂಡ ಕಳೆ. "ಪರಿಶೀಲಿಸಲಾಗಿದೆ, ಸೂಕ್ತ ಕ್ರಮಕ್ಕಾಗಿ ಮೇಲಿನವರಿಗೆ ಸಲ್ಲಿಸಿದೆ. ಇದನ್ನ ಮಾಡಿದವನು ನಮ್ಮ ಡಿಪಾರ್ಟ್‌ಮೆಂಟಿನವನೇ ಇರಬೇಕು ಕಣ್ರೀ."

ಅಷ್ಟೆಲ್ಲ ದಾಟಿದ ಮೇಲೂ ಕುರ್ಚಿ ಎಷ್ಟಿವೆ? 2027ರ ವಿಶ್ವಕಪ್ಪಿಗೆ 14 ತಂಡ. ಆತಿಥೇಯರ ಲೆಕ್ಕದಲ್ಲಿ ದಕ್ಷಿಣ ಆಫ್ರಿಕಾ, ಜಿಂಬಾಬ್ವೆ ಸೀದಾ ಒಳಗೆ. ರ್‍ಯಾಂಕಿಂಗ್ ನೋಡಿ ಇನ್ನೂ ಎಂಟು. ಉಳಿದದ್ದು ನಾಲ್ಕು. ಆ ನಾಲ್ಕಕ್ಕೂ ಅರ್ಹತಾ ಸುತ್ತಿನಲ್ಲಿ ಹತ್ತು ತಂಡ ನೂಕಾಡಬೇಕು, ಅದರಲ್ಲಿ ಇಬ್ಬರು ರ್‍ಯಾಂಕಿಂಗ್‌ನಲ್ಲಿ ಕೆಳಗೆ ಜಾರಿದ ದೊಡ್ಡಮನೆಯವರು. ಬಸ್ಸಿನಲ್ಲಿ ಸೀಟಿಗೆ ಮೊದಲೇ ಟವೆಲ್ ಹಾಕಿಟ್ಟವರೇ, ಟವೆಲ್ ಹಾರಿಹೋಯಿತು ಅಂತ ನಿಂತವರ ಕ್ಯೂಗೂ ಬಂದು ಭುಜ ಕೊಡುತ್ತಾರೆ.

ಹೀಗೆ ಬಾಗಿಲಿಗೆ ಚಿಲಕದ ಮೇಲೆ ಚಿಲಕ ಹಾಕಿಕೊಂಡದ್ದು ಯಾಕೆ ಅಂತ ಕೇಳಿದರೆ ನಾವೇ ಸ್ವಲ್ಪ ತಲೆ ತಗ್ಗಿಸಬೇಕು. 2007ರಲ್ಲಿ ಧಾರಾಳ ಮನಸ್ಸಿನಿಂದ 16 ತಂಡಗಳನ್ನು ಕರೆದಿದ್ದರು. ಮಾರ್ಚ್ 17ರಂದು, ಒಂದೇ ದಿನ, ಐರ್ಲೆಂಡ್ ಪಾಕಿಸ್ತಾನವನ್ನು ಹೊಡೆಯಿತು, ಬಾಂಗ್ಲಾದೇಶ ನಮ್ಮನ್ನು. ನಮ್ಮ ದ್ರಾವಿಡ್ ನಾಯಕರಾಗಿದ್ದ ತಂಡ ಮೊದಲ ಸುತ್ತಿಗೇ ಗಂಟುಮೂಟೆ ಕಟ್ಟಿತು. ಜಾಹೀರಾತು ಕೊಟ್ಟವರ ಎದೆ ಧಸಕ್ಕೆಂದಿತು. ಮುಂದೆ 14 ಆಯಿತು, 2019ಕ್ಕೆ 10. ಆ ಹತ್ತರ ಏರ್ಪಾಟಿನಲ್ಲಿ ಎಲ್ಲರಿಗೂ ಒಂಬತ್ತು ಪಂದ್ಯ ಖಾತ್ರಿ, ಅಂದರೆ ಭಾರತ ಎಷ್ಟು ಕೆಟ್ಟದಾಗಿ ಆಡಿದರೂ ಒಂಬತ್ತು ದಿನ ಟೀವಿಯಲ್ಲಿ ಇರುತ್ತದೆ. ವಿಶ್ವಕಪ್ ಅನ್ನುವ ಹೆಸರಿನಲ್ಲಿ 'ವಿಶ್ವ' ಮಾತ್ರ ಸ್ವಲ್ಪ ಚಿಕ್ಕದಾಯಿತು, ಕಪ್ ಅಷ್ಟೇ ಇದೆ.

ಆ ಹತ್ತರ ವಿಶ್ವಕ್ಕೆ ಸೇರಲು ಸ್ಕಾಟ್ಲೆಂಡ್ ಪಟ್ಟ ಪಾಡು ನೋಡಿ. 2018ರ ಮಾರ್ಚ್, ಹರಾರೆ, ಎದುರಿಗೆ ವೆಸ್ಟ್ ಇಂಡೀಸ್, ಗುರಿ 199. ಲೆಗ್ ಸ್ಟಂಪಿನ ಆಚೆಗೆ ಹೊರಟಿದ್ದ ಚೆಂಡಿಗೆ, ಕಾಲು ಅಡ್ಡ ಬರದಿದ್ದರೆ ಸ್ಟಂಪಿಗೇ ಬಡಿಯುತ್ತಿತ್ತು ಅಂತ, ಸ್ಕಾಟ್ಲೆಂಡಿನ ಬ್ಯಾಟರ್ ಬೆರಿಂಗ್ಟನ್ ಎಲ್‌ಬಿಡಬ್ಲ್ಯು. ಮರುಪರಿಶೀಲನೆ ಕೇಳೋಣ ಅಂದರೆ ಆ ಟೂರ್ನಿಗೆ ಡಿಆರ್‌ಎಸ್ ಭಾಗ್ಯವೇ ಇರಲಿಲ್ಲ. ಅಷ್ಟರಲ್ಲಿ ಮಳೆ. ಆಟ ಅರ್ಧಕ್ಕೆ ನಿಂತರೆ ಗೆದ್ದವರನ್ನು ತೀರ್ಮಾನಿಸುವ ಡಕ್ವರ್ಥ್-ಲೂಯಿಸ್ ಲೆಕ್ಕ ತೆಗೆದು ಐದು ರನ್ ಕಮ್ಮಿ ಅಂದರು, ವಿಶ್ವಕಪ್ ಕೈತಪ್ಪಿತು. ಮೂರು ತಿಂಗಳೂ ಆಗಿರಲಿಲ್ಲ, ಎಡಿನ್‌ಬರೋದಲ್ಲಿ ಅದೇ ಸ್ಕಾಟ್ಲೆಂಡ್ 371 ರನ್ ಬಾರಿಸಿ ಇಂಗ್ಲೆಂಡನ್ನು ಸೋಲಿಸಿತು. ಮರುವರ್ಷ ಇಂಗ್ಲೆಂಡ್ ವಿಶ್ವ ಚಾಂಪಿಯನ್, ಸ್ಕಾಟ್ಲೆಂಡ್ ಮನೆಯಲ್ಲಿ ಟೀವಿ ಮುಂದೆ.

ಇನ್ನು ಈ ಲೀಗಿನ ಆಟ ಹೇಗಿರುತ್ತೆ ಅಂತ ಯಾರಿಗೂ ಗೊತ್ತಿಲ್ಲ, ತೋರಿಸುವವರು ಬೇಕಲ್ಲ. ಪುಟ್ಟ ಮೊಬೈಲ್ ಪರದೆ, ಯಾವುದೋ ತುದಿಯಲ್ಲಿ ನಿಂತ ಕ್ಯಾಮೆರಾ, ಖಾಲಿ ಕುರ್ಚಿಗಳ ಮುಂದೆ ಒಂದು ಗಂಭೀರ ಅಂತಾರಾಷ್ಟ್ರೀಯ ಪಂದ್ಯ. 2025ರ ಫೆಬ್ರುವರಿಯಲ್ಲಿ ಓಮನ್‌ನ ಅಲ್ ಅಮೆರಾತ್‌ನಲ್ಲಿ ಅಮೆರಿಕ 122ಕ್ಕೆ ಆಲೌಟ್ ಆಯಿತು. ಸರಿ, ಮುಗಿಯಿತು ಅಂದುಕೊಂಡರೆ ಓಮನ್ 65ಕ್ಕೇ ಮುದುಡಿತು. ಓವರು ಕಡಿತವಾಗದ ಏಕದಿನ ಪಂದ್ಯದಲ್ಲಿ ಅತಿ ಸಣ್ಣ ಮೊತ್ತ ಉಳಿಸಿಕೊಂಡು ಗೆದ್ದ ದಾಖಲೆ, ಶಾರ್ಜಾದಲ್ಲಿ ಭಾರತ 1985ರಲ್ಲಿ ಮಾಡಿದ್ದ 125, ಅಲ್ಲಿಗೆ ಮಣ್ಣು. ಇಡೀ ಪಂದ್ಯದಲ್ಲಿ ಎರಡೂ ಕಡೆಯಿಂದ ವೇಗದ ಬೌಲರ್ ಒಂದೇ ಒಂದು ಎಸೆತ ಹಾಕಲಿಲ್ಲ, ಬರೀ ಸ್ಪಿನ್. ಪಾಪ, ಓಡಿಬರುವವರು ಓಡುವುದಕ್ಕೇ ವಿಮಾನ ಹತ್ತಿ ಬಂದಿದ್ದರು. ಅವತ್ತು ಅಮೆರಿಕದ ಪರ ಐದು ವಿಕೆಟ್ ಕಿತ್ತವರು ನಾಸ್ತುಷ್ ಕೆಂಜಿಗೆ, ಚಿಕ್ಕಮಗಳೂರಿನ ಕಾಫಿ ತೋಟದ ಮನೆಯ ಹುಡುಗ. ಅದೇ ಹೊತ್ತಿಗೆ ನಾವೆಲ್ಲ ಐಪಿಎಲ್‌ಗೆ ಇನ್ನು ಎಷ್ಟು ದಿನ ಅಂತ ಬೆರಳು ಮಡಚುತ್ತಿದ್ದೆವು.

ಖಾಲಿ ಕುರ್ಚಿ ಅಂದೆನಲ್ಲ, ನೇಪಾಳಕ್ಕೆ ಆ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಕುರ್ಚಿಯೇ ಸಾಲದು. 2023ರ ಮಾರ್ಚ್ 16, ಇದೇ ಲೀಗಿನ ಹಿಂದಿನ ಆವೃತ್ತಿಯ ಕೊನೇ ಪಂದ್ಯ, ನೇಪಾಳದ ಕೀರ್ತಿಪುರ. ನೇಪಾಳ ಅದಕ್ಕೆ ಮುಂಚಿನ ಹನ್ನೊಂದರಲ್ಲಿ ಹತ್ತು ಗೆದ್ದು ಬಂದಿತ್ತು, ಇದೊಂದು ಗೆದ್ದರೆ ಅರ್ಹತಾ ಸುತ್ತು. ದಿಬ್ಬ ತುಂಬಿ, ಗೋಡೆ ತುಂಬಿ, ಜನ ಮರ ಹತ್ತಿದ್ದರು. ಯುಎಇ 310 ಹೊಡೆದಿತ್ತು. ನೇಪಾಳ ಬೆನ್ನಟ್ಟಿ 44 ಓವರಿಗೆ 6 ವಿಕೆಟ್‌ಗೆ 269ಕ್ಕೆ ಬಂದಾಗ ಕತ್ತಲಾಯಿತು. ಕತ್ತಲಾದರೆ ದೀಪ ಹಾಕಬೇಕು, ದೀಪದ ಕಂಬವೇ ಇರಲಿಲ್ಲ. ಅದೇ ಡಕ್ವರ್ಥ್-ಲೂಯಿಸ್ ಲೆಕ್ಕ ಹಾಕಿ ನೇಪಾಳಕ್ಕೆ ಒಂಬತ್ತು ರನ್ನಿನ ಜಯ ಅಂದರು. ಮರದ ಮೇಲಿದ್ದವರಿಗೆ ಇಳಿಯುವ ದಾರಿ ಕಂಡಿತೋ ಇಲ್ಲವೋ, ಕೂಗು ಮಾತ್ರ ನಿಲ್ಲಲಿಲ್ಲ. ಇಷ್ಟು ಜನ ಇಷ್ಟು ಪ್ರೀತಿಯಿಂದ ನೋಡುವ ಆಟಕ್ಕೆ ಅವತ್ತು ಬೆಳಕಿರಲಿಲ್ಲ. ಅದೇ ಯಾರೂ ನೋಡದ ಊರುಗಳ ಕ್ರೀಡಾಂಗಣಗಳಲ್ಲಿ ಹಗಲುಹೊತ್ತೇ ದೀಪ ಉರಿಯುತ್ತಿರುತ್ತದೆ.

ಈ ಸಂತೆಯಲ್ಲಿ ನಮ್ಮವರ ಅಂಗಡಿಗಳೂ ಇವೆ ಅಂತ ಹೆಮ್ಮೆ ಪಡಬಹುದು. 2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಹುಡುಗರ ತೋಳಿನ ಮೇಲೆ ನಮ್ಮ ನಂದಿನಿ ಇತ್ತು. ಅಮೆರಿಕ 2020ರಲ್ಲಿ ಕೀರ್ತಿಪುರದಲ್ಲಿ 35 ರನ್ನಿಗೆ ಗಂಟು ಮೂಟೆಯಾದ ಎರಡೇ ತಿಂಗಳಿಗೆ ತಂಡ ಕಟ್ಟಿಕೊಡಿ ಅಂತ ಕರೆದದ್ದು ಕರ್ನಾಟಕದ ಹಳೇ ಬ್ಯಾಟರ್, ನಮ್ಮ ಜೆ. ಅರುಣ್‌ಕುಮಾರ್ ಅವರನ್ನು. ಕೀನ್ಯಾ ಕತೆ ಇನ್ನೂ ಚೆನ್ನಾಗಿದೆ. 2003ರಲ್ಲಿ ವಿಶ್ವಕಪ್ ಸೆಮಿಫೈನಲ್ ಆಡಿದ ತಂಡ ಈಗ ಚಾಲೆಂಜ್ ಲೀಗಿನ ಮೆಟ್ಟಿಲಲ್ಲಿ ಕೂತಿದೆ. 2024ರ ಆಗಸ್ಟಿನಲ್ಲಿ ಕರ್ನಾಟಕದ ಹಳೇ ವೇಗದ ಬೌಲರ್, ನಮ್ಮ ದೊಡ್ಡ ಗಣೇಶ್ ಅವರನ್ನು ಕೋಚ್ ಮಾಡಿಕೊಂಡರು, ಒಂದು ತಿಂಗಳು ದಾಟುವಷ್ಟರಲ್ಲಿ ನೇಮಕಾತಿ ಕ್ರಮಬದ್ಧವಾಗಿಲ್ಲ ಅಂತ ಕೈಬಿಟ್ಟರು. ಇದನ್ನು ಹೇಳಿದಾಗ ನಮ್ಮ ಹೆಡ್ ಕ್ಲರ್ಕಿಗೆ ಆಶ್ಚರ್ಯವೇ ಆಗಲಿಲ್ಲ. "ಆರ್ಡರ್ ಕಾಪಿಗೆ ಸೀಲ್ ಬಿದ್ದಿರಲಿಲ್ಲವೇನೋ" ಅಂದರು.

ಇಷ್ಟರಲ್ಲಿ ಬಿಲ್ಲಿನ ಮೇಲೆ ಸಾಂಬಾರು ಚೆಲ್ಲಿ ನಮೀಬಿಯಾ ಮೇಲೆ ಒಂದು ಹಳದಿ ಕಲೆ ಕೂತಿತ್ತು. ಅದನ್ನೇ ಬೆರಳಲ್ಲಿ ತೋರಿಸಿ, "ಇವರದ್ದೇನು ಕತೆ?" ಅಂದರು.

"ಸಾರ್, ಇವರು ಆತಿಥೇಯರು. 2027ರ ವಿಶ್ವಕಪ್ ನಡೆಸುತ್ತಿರುವ ಮೂರು ದೇಶಗಳಲ್ಲಿ ಇವರೂ ಒಬ್ಬರು."

"ಹಾಗಿದ್ರೆ ಈ 144ರ ಲಿಸ್ಟಲ್ಲಿ ಯಾಕಿದ್ದಾರೆ?"

"ಐಸಿಸಿಯ ಪೂರ್ಣ ಸದಸ್ಯತ್ವ, ಅಂದರೆ ಟೆಸ್ಟ್ ಆಡುವ ದೇಶಗಳ ಪಟ್ಟ, ಇಲ್ಲ ಸಾರ್. ಆತಿಥೇಯರ ಕೋಟಾ ಪೂರ್ಣ ಸದಸ್ಯರಿಗೆ ಮಾತ್ರ. ಇವರು ಚಪ್ಪರ ಹಾಕಿಸಬೇಕು, ಪಾತ್ರೆ ತೊಳೆಸಿಡಬೇಕು, ಬಂದವರಿಗೆ ಪನ್ನೀರು ಚಿಮುಕಿಸಬೇಕು. ಪಂಕ್ತಿಯಲ್ಲಿ ಕೂರೋದಕ್ಕೆ ಮಾತ್ರ ಎಲ್ಲರ ಹಾಗೆ ಕ್ಯೂ ನಿಂತು ಟೋಕನ್ ತಗೊಳ್ಳಬೇಕು. ಸಿಗದಿದ್ದರೆ ಬಡಿಸಬಹುದು."

ಅವರು ಒಂದು ಕ್ಷಣ ಸುಮ್ಮನಿದ್ದರು. ಸರ್ಕಾರಿ ಕಚೇರಿಯಲ್ಲಿ ತಲೆ ನರೆತ ಮನುಷ್ಯನನ್ನು ಸುಮ್ಮನಾಗಿಸುವುದು ಸಣ್ಣ ಸಾಧನೆಯಲ್ಲ.

"ಸಾಮರ್ಥ್ಯ ಇಲ್ಲವೇನೋ ಪಾಪ" ಅಂದರು ಕೊನೆಗೆ.

"ಇದೆ ಸಾರ್. ವಿಂಡ್‌ಹೋಕ್‌ನಲ್ಲಿ ಹೊಸ ಕ್ರೀಡಾಂಗಣ ಕಟ್ಟಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಅದರ ಉದ್ಘಾಟನೆಗೆ ದಕ್ಷಿಣ ಆಫ್ರಿಕಾವನ್ನು ಕರೆದು, ಕೊನೇ ಎಸೆತದಲ್ಲಿ ಬೌಂಡರಿ ಹೊಡೆದು ಅವರನ್ನೇ ಸೋಲಿಸಿದರು. ಸೋತವರಿಗೆ ವಿಶ್ವಕಪ್ ಸೀಟು ಖಾಯಂ, ಗೆದ್ದವರು ಇನ್ನೂ ಕ್ಯೂನಲ್ಲಿ."

"ಗೆದ್ದ ಮೇಲೂ?"

"ಅದು ಟಿ20 ಸಾರ್. ವಿಶ್ವಕಪ್ ಇರೋದು ಏಕದಿನದ್ದು."

"ಓ..." ಅಂತ ಲೋಟ ಕೆಳಗಿಟ್ಟು, ಬಿಲ್ಲನ್ನು ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಡಚಿ ಅಂಗಿ ಜೇಬಿಗೆ ಹಾಕಿಕೊಂಡರು. "ತಪ್ಪು ಕೌಂಟರ್‌ನಲ್ಲಿ ಅರ್ಜಿ ಕೊಟ್ಟಿದ್ದಾರೆ."