ಕೇಳದೇ ಸಿಕ್ಕ ವರಗಳಿಗೂ ಒಂದು ಪೂಜೆ ಕೊಡಿಸೋಣ

ನಮ್ಮ ಕಥೋಲಿಕ ಚರ್ಚಿನಲ್ಲಿ ಪೂಜೆ ಶುರುವಾಗುವ ಮುಂಚೆ ಆ ದಿನದ ಉದ್ದೇಶಗಳನ್ನು, ಅಂದರೆ ಪೂಜೆ ಯಾರಿಗಾಗಿ, ಯಾತಕ್ಕಾಗಿ ಅನ್ನುವುದನ್ನು ಓದುತ್ತಾರಲ್ಲ, ಅದನ್ನು ನಾನು ಕಿವಿಗೊಟ್ಟು ಕೇಳುತ್ತೇನೆ. ತೀರಿಹೋದವರ ಆತ್ಮಶಾಂತಿಗೆ, ಕಾಯಿಲೆಯವರು ಗುಣವಾಗಲೆಂದು, ಪರೀಕ್ಷೆ ಬರೆಯುವ ಮಕ್ಕಳಿಗೆ. ಆಮೇಲೆ ಪಡೆದ ವರಗಳಿಗೆ ಕೃತಜ್ಞತೆಯಾಗಿ. ಕೆಲಸ ಸಿಕ್ಕಿತು, ಮಗು ಹುಟ್ಟಿತು, ಆಪರೇಷನ್ ಚೆನ್ನಾಗಿ ಆಯಿತು. ಎಲ್ಲವೂ ದೊಡ್ಡ ವರಗಳೇ. ಬೇಡಿದವರು ಮರೆಯದೆ ಬಂದು ವಂದನೆ ಹೇಳುವುದನ್ನು ನೋಡಿದರೆ ಮನಸ್ಸು ತುಂಬುತ್ತದೆ.

ಆದರೆ ಬೇಡಿ ಪಡೆದದ್ದನ್ನು ಮಾತ್ರ ನಾವು ನೆನೆಯುತ್ತೇವೆ ಅಂತ ನನಗೆ ತುಂಬ ದಿನದಿಂದ ಅನ್ನಿಸುತ್ತಿದೆ. ಯಾರೂ ಕೇಳದೇ ಇದ್ದರೂ ಧರ್ಮಕೇಂದ್ರ (ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಸಮುದಾಯ) ವಾರವಾರ ನಮಗೆ ಕೊಡುತ್ತಿರುವುದು ನಮ್ಮ ಲೆಕ್ಕಕ್ಕೇ ಬರುವುದಿಲ್ಲ.

1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ 534ನೇ ನಿಯಮ ಅಂತ ಒಂದಿದೆ. ಪ್ರತಿ ಭಾನುವಾರ ಮತ್ತು ಕಡ್ಡಾಯ ಹಬ್ಬದ ದಿನಗಳಲ್ಲಿ ಧರ್ಮಕೇಂದ್ರದ ಗುರುಗಳು ತಮಗೆ ಒಪ್ಪಿಸಿದ ಜನರಿಗಾಗಿ ಒಂದು ಬಲಿಪೂಜೆ ಅರ್ಪಿಸಲೇಬೇಕು. ಅದಕ್ಕೆ ಯಾರಿಂದಲೂ ಕಾಣಿಕೆ ಇಲ್ಲ. ತಮ್ಮಿಂದ ಆಗದಿದ್ದರೆ ಬೇರೆ ಗುರುಗಳ ಕೈಲಿ ಅರ್ಪಿಸಬೇಕು, ಇಲ್ಲವೇ ಬೇರೆ ದಿನ ತಾವೇ ಅರ್ಪಿಸಬೇಕು. ಬಿಟ್ಟುಹೋಗಿದ್ದರೆ, ಎಷ್ಟು ಬಿಟ್ಟುಹೋಗಿವೆಯೋ ಅಷ್ಟನ್ನೂ ಆದಷ್ಟು ಬೇಗ ಅರ್ಪಿಸಿ ತೀರಿಸಬೇಕು. ಯೋಚಿಸಿ ನೋಡಿ. ಜಗಳ ಮಾಡಿಕೊಂಡು ಚರ್ಚಿನ ಕಡೆ ಮುಖ ಹಾಕದವರು, ಜ್ವರ ಬಂದು ಮಲಗಿದವರು, ಭಾನುವಾರ ಸುಮ್ನೆ ಮನೆಯಲ್ಲೇ ಉಳಿದವರು, ಎಲ್ಲರೂ ಆ ಪೂಜೆಯಲ್ಲಿ ಸೇರಿದ್ದಾರೆ. ಇದು ತಿಳಿದ ದಿನದಿಂದ ನಮ್ಮ ಫಾದರ್ ಬಲಿಪೀಠದ ಹತ್ತಿರ ಹೋಗಿ ನಿಲ್ಲುವುದನ್ನು ನೋಡುವ ನನ್ನ ದೃಷ್ಟಿಯೇ ಬದಲಾಯಿತು.

ದೀಕ್ಷಾಸ್ನಾನದ (ಬ್ಯಾಪ್ಟಿಸಂ) ದಾಖಲೆ ಪುಸ್ತಕವೂ ಹಾಗೇ. ನಾವು ಸರ್ಟಿಫಿಕೇಟ್ ಬೇಕಾದಾಗ ಮಾತ್ರ ಅದನ್ನು ನೆನೆಯುತ್ತೇವೆ. ಆದರೆ ಎಲ್ಲೇ ದೃಢೀಕರಣ ಸಂಸ್ಕಾರ (ಕನ್ಫರ್ಮೇಷನ್) ಆಗಲಿ, ಎಲ್ಲೇ ಮದುವೆಯಾಗಲಿ, ದೀಕ್ಷಾಸ್ನಾನ ಪಡೆದ ಚರ್ಚಿಗೆ ಸುದ್ದಿ ಹೋಗಬೇಕು, ಅಲ್ಲಿ ನಮ್ಮ ಹೆಸರಿನ ಪಕ್ಕದಲ್ಲಿ ಅದನ್ನು ಬರೆಯಬೇಕು. ನಾವು ಮರೆತರೂ ಆ ಪುಟ ನಮ್ಮನ್ನು ಮರೆಯುವುದಿಲ್ಲ.

ಇನ್ನು ನಾನು ಹತ್ತಿರದಿಂದ ಕಂಡ ವರದ ಮಾತು. ಅಮ್ಮ ಕೊನೆಯ ವರ್ಷಗಳಲ್ಲಿ ನಡೆಯಲಾರದೆ ಮನೆ ಹಿಡಿದರು. ಪರಮಪ್ರಸಾದ (ಕಮ್ಯೂನಿಯನ್) ಹಂಚಲು ಗುರುಗಳಲ್ಲದ ಸಾಮಾನ್ಯ ವಿಶ್ವಾಸಿಗಳನ್ನೂ ನೇಮಿಸಬಹುದು ಅಂತ 1973ರಲ್ಲೇ ರೋಮ್‌ನಿಂದ ಒಪ್ಪಿಗೆ ಬಂದಿತ್ತು. ಹಾಗೆ ನೇಮಕವಾದ ಒಬ್ಬರು ಭಾನುವಾರದ ಪೂಜೆ ಮುಗಿದ ಕೂಡಲೇ ನಮ್ಮ ಮನೆಗೆ ಬರುತ್ತಿದ್ದರು. ಕುತ್ತಿಗೆಯಲ್ಲಿ ಬಟ್ಟೆಯ ಪುಟ್ಟ ಚೀಲ, ಅದರೊಳಗೆ ಪ್ರಸಾದದ ಡಬ್ಬಿ. ದಾರಿಯಲ್ಲಿ ಯಾರಾದರೂ ಸಿಕ್ಕಿದರೂ ಮಾತಿಗೆ ನಿಲ್ಲುತ್ತಿರಲಿಲ್ಲ. ಅಮ್ಮ ಬೆಳಿಗ್ಗೆಯೇ ತಲೆ ಬಾಚಿಸಿಕೊಂಡು ಕಾಯುತ್ತಿದ್ದರು. ಮೇಜಿನ ಮೇಲೆ ಬಿಳಿ ಬಟ್ಟೆ, ಶಿಲುಬೆ, ಹಚ್ಚಿದ ಮೇಣದಬತ್ತಿ. ಪ್ರಾರ್ಥನೆ ಮುಗಿದ ಮೇಲೆ ಅವರು ತಕ್ಷಣ ಏಳುತ್ತಿರಲಿಲ್ಲ. ಫಾದರ್ ಪ್ರಬೋಧನೆಯಲ್ಲಿ ಏನು ಹೇಳಿದರು, ಯಾರು ಅಮ್ಮನನ್ನು ವಿಚಾರಿಸಿದರು, ಎಲ್ಲ ಹೇಳುತ್ತಿದ್ದರು. "ನನ್ನ ಜಾಗದಲ್ಲಿ ಈಗ ಯಾರು ಕೂರ್ತಾರೆ?" ಅಂತ ಅಮ್ಮ ಕೇಳೇ ಕೇಳುತ್ತಿದ್ದರು. ಅವರು ಅದನ್ನೂ ನೋಡಿಕೊಂಡೇ ಬಂದಿರುತ್ತಿದ್ದರು.

ಆ ಭೇಟಿಯಿಂದ ಅಮ್ಮನ ಕಾಲು ಸರಿಹೋಗಲಿಲ್ಲ. ಆದರೆ ಚರ್ಚಿಗೆ ಹೋಗಲಾಗದ ಅಮ್ಮ ಕೊನೆಯವರೆಗೂ ಚರ್ಚಿನವರಾಗಿಯೇ ಉಳಿದರು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ವರ ಬೇರೆ ಇಲ್ಲ.

ಧರ್ಮಕೇಂದ್ರದ ಗುರುಗಳ ಪಾಲಕ ಸಂತ ಜಾನ್ ಮರಿಯ ವಿಯಾನ್ನಿಯವರು 1818ರಲ್ಲಿ ಫ್ರಾನ್ಸಿನ ಆರ್ಸ್ ಎಂಬ ಸಣ್ಣ ಹಳ್ಳಿಗೆ ಬಂದವರು 1859ರಲ್ಲಿ ತೀರಿಹೋಗುವವರೆಗೂ ಅಲ್ಲೇ ಸೇವೆ ಮಾಡಿದರು. ಪಾಪನಿವೇದನೆ ಕೇಳುತ್ತಾ ಅವರು ದಿನಕ್ಕೆ ಹದಿನಾರು ಗಂಟೆವರೆಗೂ ಕೂತಿರುತ್ತಿದ್ದರು. ಅಂಥ ಸಂತರ ಹೆಸರು ನಮಗೆ ಗೊತ್ತು. ಪೂಜೆಗೆ ಮೊದಲು ಬಂದು ವಾಚನದ ಪುಸ್ತಕದಲ್ಲಿ ರಿಬ್ಬನ್ ಸರಿಯಾದ ಪುಟಕ್ಕೆ ಇಟ್ಟು, ದ್ರಾಕ್ಷಾರಸ, ನೀರು, ರೊಟ್ಟಿ ಎಲ್ಲ ಜೋಡಿಸಿ, ಪೂಜೆ ಮುಗಿದ ಮೇಲೆ ಎಲ್ಲರೂ ಹೋದ ನಂತರ ಬಾಗಿಲು ಹಾಕುವ ಸ್ಯಾಕ್ರಿಸ್ಟನ್ ಹೆಸರು ಎಷ್ಟು ಜನರಿಗೆ ಗೊತ್ತು? ಮಕ್ಕಳಿಗೆ ಕ್ಯಾಟಿಕಿಸಂ, ಅಂದರೆ ಧರ್ಮದ ಪಾಠ ಹೇಳಿಕೊಡುವವರ ಹೆಸರು? ಅವರ ಕೆಲಸ ಎಷ್ಟು ದೊಡ್ಡದೆಂದರೆ, 2021ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಧರ್ಮಸಭೆಯ ಅಧಿಕೃತ ಸೇವೆಯಾಗಿಯೇ ಸ್ಥಾಪಿಸಿದರು.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಕೃತಜ್ಞತೆ ಅಂದರೆ ತಪ್ಪು ಕಂಡಾಗ ಬಾಯಿ ಮುಚ್ಚಿಕೊಂಡಿರುವುದು ಅಂತ ಅಲ್ಲ. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು ಅಂತ ಅದೇ ಕಾನೂನು ಸಂಹಿತೆ ಹೇಳುತ್ತದೆ. ಲೆಕ್ಕ ಕೇಳುವುದು, ನೊಂದವರ ಪರ ನಿಲ್ಲುವುದು, ಇವೂ ಪ್ರೀತಿಯೇ. ನನ್ನ ತಕರಾರು ಬೇರೆ. ಗೇಟಿನ ಹತ್ತಿರ ನಿಂತು ಮೈಕ್ ಸರಿಯಿಲ್ಲ, ಪ್ರಬೋಧನೆ ಉದ್ದವಾಯಿತು, ಹಾಡು ಚೆನ್ನಾಗಿರಲಿಲ್ಲ ಅಂತ ಹೇಳುವಷ್ಟು ಸಲೀಸಾಗಿ, ಹಾಡಿದವರ ಹತ್ತಿರ ಹೋಗಿ ಒಂದು ಒಳ್ಳೆ ಮಾತು ಹೇಳಲು ನಮಗೆ ನಾಲಿಗೆ ಏಳುವುದಿಲ್ಲ. ಯಾಕೆ?

ಪೂಜೆಯಲ್ಲಿ ಬಳಸುವ ಒಂದು ಕೃತಜ್ಞತಾ ಪ್ರಾರ್ಥನೆ ನನಗೆ ತುಂಬ ಇಷ್ಟ. ನಮ್ಮ ಸ್ತುತಿ ದೇವರಿಗೆ ಬೇಕಾಗಿಲ್ಲ, ವಂದನೆ ಹೇಳುವ ಮನಸ್ಸೂ ದೇವರೇ ಕೊಟ್ಟದ್ದು ಅನ್ನುವ ಅರ್ಥ ಅದರಲ್ಲಿದೆ. ಹಾಗಿದ್ದಮೇಲೆ ಆ ಮನಸ್ಸನ್ನು ಮನೆಗೆ ಬರುವ ವರಗಳಿಗಷ್ಟೇ ಮೀಸಲಿಡುವುದು ಬೇಡ ಅಲ್ವಾ?

ಮುಂದಿನ ಸಲ ಕೃತಜ್ಞತೆಯ ಪೂಜೆ ಕೊಡಿಸುವಾಗ ಇವರನ್ನೂ ಉದ್ದೇಶದಲ್ಲಿ ಸೇರಿಸಿ. ಸ್ಯಾಕ್ರಿಸ್ಟನ್, ಕ್ಯಾಟಿಕಿಸಂ ಟೀಚರ್, ಗಾಯನ ವೃಂದ, ರೋಗಿಗಳ ಮನೆಗೆ ಹೋಗುವವರು. ಪೂಜೆ ಮುಗಿದ ಮೇಲೆ ಅವರಿಗೂ ವಿಷಯ ತಿಳಿಸಿ. ಅಮ್ಮನಿಗೆ ಪ್ರಸಾದ ತರುತ್ತಿದ್ದವರಿಗೆ ಈಗ ವಯಸ್ಸಾಗಿದೆ, ಮೆಟ್ಟಿಲು ಹತ್ತುವುದು ಕಷ್ಟ. ಆ ಸೇವೆಯ ತರಬೇತಿಗೆ ನಾನು ಹೆಸರು ಕೊಟ್ಟಿದ್ದೇನೆ. ಇನ್ನೂ ಕೆಲವರು ಬೇಕು ಅಂತ ಫಾದರ್ ಹೇಳುತ್ತಿದ್ದಾರೆ. ನಮ್ಮ ಧರ್ಮಕೇಂದ್ರದವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಈ ಭಾನುವಾರವೇ ಹೋಗಿ ಅವರ ಹತ್ತಿರ ಮಾತಾಡಿ.