ಒಟಿಪಿ ಯಾರಿಗೂ ಹೇಳಬೇಡಿ, ನಮಗೊಬ್ಬರಿಗೆ ಹೇಳಿ

ನಮ್ಮಮ್ಮನಿಗೆ ಎಪ್ಪತ್ತೆರಡು ವರ್ಷ. ಹೇಳಿದ ಮಾತು ಕೇಳುವ ಜೀವ. ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದ ದಿನದಿಂದ ಇಡೀ ಮನೆಗೇ ಸಪ್ಪೆ ಸಾರು. ಅಂಥವಳನ್ನು ಒಂದು ಸಂಜೆ ಕೂರಿಸಿಕೊಂಡು ನಾನು ಪಾಠ ಮಾಡಿದೆ. "ನೋಡಮ್ಮ, ಫೋನಿಗೆ ಒಂದು ನಂಬರ್ ಬರುತ್ತೆ. ಒಟಿಪಿ ಅಂತಾರೆ. ಯಾರು ಕೇಳಿದರೂ ಹೇಳಬೇಡ. ದೇವರೇ ಬಂದು ಕೇಳಿದರೂ ಹೇಳಬೇಡ."

"ದೇವರಿಗ್ಯಾಕೋ ಒಟಿಪಿ?" ಅಂದಳು. ಆಮೇಲೆ ಒಪ್ಪಿಕೊಂಡಳು.

ಮೂರನೇ ದಿನ ಗ್ಯಾಸ್ ಬಂತು.

ಆ ಹುಡುಗ ಎರಡು ಮಹಡಿ ಸಿಲಿಂಡರ್ ಹೊತ್ತು ಹತ್ತಿ, ಬಾಗಿಲಲ್ಲಿ ಧಡ್ ಅಂತ ಇಳಿಸಿ, ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಹೇಳಿದ: "ಅಮ್ಮಾ, ಒಟಿಪಿ."

"ಹೇಳಲ್ಲ."

"ಒಟಿಪಿ ಹಾಕದೆ ಸಿಲಿಂಡರ್ ಕೊಡೋ ಹಾಗಿಲ್ಲಮ್ಮ."

"ನನ್ನ ಮಗ ಹೇಳಿದ್ದಾನೆ. ದೇವರಿಗೂ ಹೇಳಬಾರದಂತೆ."

"ನಾನು ದೇವರಲ್ಲಮ್ಮ, ಗ್ಯಾಸ್‌ನವನು."

ವಾದ ಚೆನ್ನಾಗಿತ್ತು. ಆದರೆ ಅಮ್ಮ ಜಗ್ಗಲಿಲ್ಲ. ಸಿಲಿಂಡರ್ ಬಂದ ದಾರಿಯಲ್ಲೇ ವಾಪಸ್ ಇಳಿಯಿತು. ಅವತ್ತು ರಾತ್ರಿ ನಾವು ಹೋಟೆಲಿನಿಂದ ಇಡ್ಲಿ ತರಿಸಿಕೊಂಡೆವು. ಇಡ್ಲಿ ತಂದ ಹುಡುಗನೂ ಒಟಿಪಿ ಕೇಳಿದ.

ಸಿಲಿಂಡರಿನದು ನಿಜವಾಗಿ ಒಟಿಪಿ ಅಲ್ಲವಂತೆ. 2020ರ ನವೆಂಬರ್‌ನಲ್ಲಿ ದೊಡ್ಡ ಊರುಗಳಿಂದ ಶುರುವಾದ ಈ ಪದ್ಧತಿಯಲ್ಲಿ ಅದರ ಹೆಸರು ಡಿಎಸಿ, ಅಂದರೆ ಡೆಲಿವರಿ ಅಥೆಂಟಿಕೇಷನ್ ಕೋಡ್. ನಮ್ಮ ಸಿಲಿಂಡರ್ ಬೇರೆಯವರಿಗೆ ಮಾರಾಟವಾಗದಿರಲಿ ಅಂತ ಮಾಡಿದ್ದು, ಒಳ್ಳೆಯದೇ. ಆದರೆ ಬೆನ್ನು ನೋಯುತ್ತಿರುವ ಯಾವ ಹುಡುಗನೂ ಬಾಗಿಲಲ್ಲಿ ನಿಂತು "ಅಮ್ಮಾ, ನಿಮ್ಮ ಡೆಲಿವರಿ ಅಥೆಂಟಿಕೇಷನ್ ಕೋಡ್ ದಯಪಾಲಿಸಿ" ಅನ್ನುವುದಿಲ್ಲ. ಒಟಿಪಿ ಅನ್ನುತ್ತಾನೆ. ಬ್ಯಾಂಕಿನ ಹೆಸರು ಹೇಳಿ ಫೋನ್ ಮಾಡುವ ಕಳ್ಳನೂ ಅದನ್ನೇ ಅನ್ನುತ್ತಾನೆ.

ಸರಿ, ತಪ್ಪು ನನ್ನದೇ ಅಂತ ಒಂದು ಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದೆ. ಎಡಕ್ಕೆ 'ಹೇಳಬೇಕಾದ ಒಟಿಪಿ', ಬಲಕ್ಕೆ 'ಹೇಳಬಾರದ ಒಟಿಪಿ'. ಎಡಗಡೆ ಗ್ಯಾಸ್ ಬಂತು. ಆಟೋ ಬಂತು, ಒಟಿಪಿ ಹೇಳದೆ ಗಾಡಿ ಮುಂದಕ್ಕೆ ಹೋಗಲ್ಲ. ರೇಷನ್ ಅಂಗಡಿಯೂ ಬಂತು, ಯಾಕೆಂದರೆ ಐವತ್ತು ವರ್ಷ ಪಾತ್ರೆ ತಿಕ್ಕಿದ ಅಮ್ಮನ ಹೆಬ್ಬೆಟ್ಟನ್ನು ಯಂತ್ರ ಗುರುತು ಹಿಡಿಯಲ್ಲ. ಆಸ್ಪತ್ರೆಯ ಚೀಟಿ ಮಾಡಿಸುವ ಕೌಂಟರ್ ಬಂತು. ಬಟ್ಟೆ ಅಂಗಡಿಯ ಬಿಲ್ ಕೌಂಟರ್ ಬಂತು. ಬಿಲ್ ಕೊಡಲು ಗಿರಾಕಿಯ ಫೋನ್ ನಂಬರಿಗೆ ಒತ್ತಾಯ ಮಾಡಬೇಡಿ ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಅಂಗಡಿಯವರಿಗೆ ಹೇಳಿದೆ. ಆದರೂ ಎರಡು ಲಂಗದ ಬಟ್ಟೆಗೆ ನಂಬರ್ ಕೇಳ್ತಾರೆ, ಪಾಯಿಂಟ್ ಸೇರಿಸ್ತೀವಿ ಅಂತ ಒಟಿಪಿಯನ್ನೂ ಕೇಳ್ತಾರೆ.

ಬಲಗಡೆ ಬ್ಯಾಂಕು ಒಂದೇ ಉಳಿಯಿತು. ಆಮೇಲೆ ಪಾರ್ಸೆಲ್ ಬಂತು, ಅದನ್ನು ಎಲ್ಲಿ ಹಾಕೋದು ಅಂತ ನನಗೇ ಗೊತ್ತಾಗಲಿಲ್ಲ. ನಾವೇ ತರಿಸಿದ ಮಿಕ್ಸಿ ಆದರೆ ಹೇಳಬೇಕು. ನಾವು ತರಿಸದೇ ಇರುವ ಪಾರ್ಸೆಲ್ ಬಾಗಿಲಿಗೆ ತಂದು, "ಬೇಡವಾ? ಹಾಗಾದರೆ ಕ್ಯಾನ್ಸಲ್ ಮಾಡ್ತೀನಿ, ಒಟಿಪಿ ಹೇಳಿ" ಅಂದರೆ ಹೇಳಬಾರದು. ಅದು ಮೋಸದ ಹಳೇ ಪಟ್ಟು. ಹುಡುಗ, ಬ್ಯಾಗು, ಬೆವರು, ಮಾತು ಎಲ್ಲಾ ಒಂದೇ. ಪಾರ್ಸೆಲ್ಲನ್ನು ಎರಡೂ ಪಟ್ಟಿಯ ನಡುವಿನ ಗೆರೆಯ ಮೇಲೆ ಬರೆದೆ.

ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅಂತ ಸೈಬರ್ ಸೆಂಟರಿಗೆ ಹೋಗಿದ್ದೆವು. ಅಲ್ಲಿನ ದೃಶ್ಯ ನೋಡಬೇಕು. ಗೋಡೆಯ ಮೇಲೆ 'ಒಟಿಪಿ ಯಾರೊಂದಿಗೂ ಹಂಚಿಕೊಳ್ಳಬೇಡಿ' ಅನ್ನುವ ಪೋಸ್ಟರ್. ಅದರ ಕೆಳಗೆ ಕೂತ ಹುಡುಗ ಪರದೆಯಿಂದ ತಲೆ ಎತ್ತದೆ, "ಯಾರ್ದ್ರೀ ಒಟಿಪಿ ಬಂತು? ಜೋರಾಗಿ ಹೇಳಿ!" ಅಂತಾನೆ. ಸಾಲಿನ ಕೊನೆಯಿಂದ ಒಬ್ಬ ಯಜಮಾನರು ಕನ್ನಡಕ ಹಣೆಗೇರಿಸಿ, ದೇವಸ್ಥಾನದಲ್ಲಿ ಸಂಕಲ್ಪ ಹೇಳುವ ಹಾಗೆ ಆರೂ ಅಂಕಿ ಬಿಡಿಸಿ ಹೇಳ್ತಾರೆ. ಪಕ್ಕದವರು ತಿದ್ದುತ್ತಾರೆ: "ಅದು ಒಂಬತ್ತಲ್ಲ ಯಜಮಾನ್ರೇ, ಆರು. ಫೋನ್ ತಲೆಕೆಳಗು ಹಿಡ್ಕೊಂಡಿದೀರಾ."

ಇದರಲ್ಲಿ ಬರೀ ಹುಡುಗರದ್ದೇ ತಪ್ಪು ಅನ್ನೋ ಹಾಗಿಲ್ಲ. 2022ರ ಮೇ 27ರಂದು ನಮ್ಮ ಬೆಂಗಳೂರಿನ ಆಧಾರ್ ಪ್ರಾದೇಶಿಕ ಕಚೇರಿಯೇ ಒಂದು ಪ್ರಕಟಣೆ ಕೊಟ್ಟಿತ್ತು. ಆಧಾರ್ ಜೆರಾಕ್ಸನ್ನು ಯಾರಿಗೂ ಕೊಡಬೇಡಿ, ದುರುಪಯೋಗ ಆಗಬಹುದು, ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಅಂತ. ಬುದ್ಧಿವಾದ ಚೆನ್ನಾಗಿಯೇ ಇತ್ತು. ಜನ ಕೇಳಿಸಿಕೊಂಡೂ ಬಿಟ್ಟರು, ಅದೇ ಎಡವಟ್ಟಾಯಿತು. ಸಿಮ್ಮಿಗೆ, ಲಾಡ್ಜಿಗೆ, ಬಾಡಿಗೆ ಮನೆಗೆ ಅಂತ ಹತ್ತು ವರ್ಷದಿಂದ ಹಂಚಿದ ಜೆರಾಕ್ಸುಗಳು ನೆನಪಾಗಿ ಎಲ್ಲರಿಗೂ ಗಾಬರಿ. ಎರಡೇ ದಿನಕ್ಕೆ, 29ಕ್ಕೆ, ದೆಹಲಿಯಿಂದ ಪ್ರಕಟಣೆ ವಾಪಸ್. ತಪ್ಪು ತಿಳಿಯುವ ಸಾಧ್ಯತೆ ಇದೆಯಂತೆ, ಮಾಮೂಲಿ ವಿವೇಚನೆ ಬಳಸಿದರೆ ಸಾಕಂತೆ. ಮಾಮೂಲಿ ವಿವೇಚನೆ ಯಾವ ಕೌಂಟರಿನಲ್ಲಿ ಸಿಗುತ್ತೆ, ಅದಕ್ಕೆ ಎಷ್ಟು ಜೆರಾಕ್ಸ್ ಕೊಡಬೇಕು ಅಂತ ಮಾತ್ರ ತಿಳಿಸಲಿಲ್ಲ.

ಬುದ್ಧಿವಾದಕ್ಕೆ ನಮ್ಮಲ್ಲಿ ಬರಗಾಲವಿಲ್ಲ ಬಿಡಿ. 2025ರಲ್ಲಿ ಕೆಲವು ತಿಂಗಳು ಯಾರಿಗೆ ಫೋನ್ ಹಚ್ಚಿದರೂ ಮೊದಲು ಸೈಬರ್ ವಂಚನೆಯ ಉಪನ್ಯಾಸ. ಪಕ್ಕದ ಮನೆಯವರಿಗೆ ಎದೆ ಹಿಡಿದುಕೊಂಡ ರಾತ್ರಿ ಅವರ ಮಗನಿಗೆ ಫೋನ್ ಮಾಡಿದರೆ, ಮಗ ಎತ್ತುವ ಮೊದಲು ನಾನು ಅಪರಿಚಿತ ಲಿಂಕ್ ಒತ್ತಬಾರದು ಅಂತ ಕಲಿತೆ.

ಇನ್ನು ಬ್ಯಾಂಕು. ಬ್ಯಾಂಕಿನವರ ಕರೆ 1600ರಿಂದ ಶುರುವಾಗುವ ನಂಬರಿನಿಂದ ಬರಬೇಕು ಅನ್ನುವ ನಿಯಮ ಬಂದಿದೆ. ಅಮ್ಮನಿಗೆ ಬಂದದ್ದು ಮಾಮೂಲಿ ಮೊಬೈಲ್ ನಂಬರಿನಿಂದ. ಹುಡುಗಿ ಬಹಳ ಮರ್ಯಾದೆಯಿಂದ, "ಮೇಡಂ, ಭದ್ರತೆಗೋಸ್ಕರ ನಿಮ್ಮ ಹುಟ್ಟಿದ ದಿನಾಂಕ ಹೇಳಿ" ಅಂದಳು.

"ಫೋನ್ ಮಾಡಿದ್ದು ನೀನಮ್ಮ. ನಿನ್ನದು ಹೇಳು ಮೊದಲು."

"ಮೇಡಂ, ನಾವು ಬ್ಯಾಂಕಿನವರು."

"ಎಲ್ಲರೂ ಹಂಗೇ ಅಂತಾರೆ. ನಿಮ್ಮ ತಾಯಿ ತವರುಮನೆ ಯಾವೂರು?"

ಆ ಕಡೆ ಕರೆ ಕಟ್ಟಾಯಿತು. ನಾಲ್ಕು ದಿನ ಬಿಟ್ಟು ನೋಡಿದರೆ ಅವಳು ನಿಜವಾದ ಬ್ಯಾಂಕಿನವಳೇ. ಕೆವೈಸಿ ಮುಗಿದಿಲ್ಲ ಅಂತ ಅಮ್ಮನ ಖಾತೆ ತಡೆಹಿಡಿದಿದ್ದರು. ಶಾಖೆಗೆ ಹೋದೆವು. ಅಲ್ಲಿ ಮ್ಯಾನೇಜರು ಅಮ್ಮನ ಜಾಗ್ರತೆಯನ್ನು ಬಾಯ್ತುಂಬ ಹೊಗಳಿ, ಫಾರಂ ಜೊತೆಗೆ ಎರಡು ಆಧಾರ್ ಜೆರಾಕ್ಸ್ ತರಲು ಹೇಳಿದರು.

ಅಮ್ಮನ ಫೋನಿಗೆ ಬರುವ ಬ್ಯಾಂಕಿನ ಮೆಸೇಜುಗಳನ್ನು ಅವತ್ತು ಕೂತು ಓದಿದೆ. ಎಷ್ಟು ದುಡ್ಡು, ಯಾರಿಗೆ ಹೋಗುತ್ತೆ, ಯಾರಿಗೂ ಹೇಳಬೇಡಿ, ಎಲ್ಲವೂ ಅದರಲ್ಲೇ ಇದೆ. ಎಲ್ಲವೂ ಇಂಗ್ಲಿಷಿನಲ್ಲಿದೆ. ಅಮ್ಮನಿಗೆ ಅದರಲ್ಲಿ ಓದಲು ಬರುವುದು ಆ ಆರು ಅಂಕಿ ಮಾತ್ರ. ಅಂದರೆ ಯಾವುದನ್ನು ಹೇಳಬಾರದೋ ಅದೊಂದೇ ಅವಳಿಗೆ ಅರ್ಥವಾಗುತ್ತೆ. ಕನ್ನಡದಲ್ಲಿ ಅಚ್ಚುಕಟ್ಟಾಗಿ ಬಂದಿದ್ದ ಮೆಸೇಜು ಒಂದೇ ಒಂದು: 'ತಕ್ಷಣ ಸಾಲ ಬೇಕೇ?'

ಕೊನೆಗೆ ಫ್ರಿಜ್ಜಿನ ಪಟ್ಟಿ ಹರಿದು ಹಾಕಿದೆ. ಹೊಸ ಪಾಠ ಮಾಡಿದೆ. "ಅಮ್ಮ, ಕೆಲಸ ಶುರು ಮಾಡಿದ್ದು ಯಾರು ನೋಡು. ನೀನು ಗ್ಯಾಸ್ ಬುಕ್ ಮಾಡಿದ್ದೀಯ, ಅವನು ಬಂದ, ಹೇಳು. ಯಾರೋ ತಾವಾಗೇ ಫೋನ್ ಮಾಡಿದರು, ಹೇಳಬೇಡ, ಇಟ್ಟುಬಿಡು. ದುಡ್ಡು ಬರೋದಿದ್ದರೆ ಪಿನ್ ಒತ್ತೋದು ಬೇಕಿಲ್ಲ, ಒತ್ತು ಅಂದರೆ ಅವನು ಕಳ್ಳ. ದುಡ್ಡು ಹೋಯ್ತು ಅಂದರೆ ಅಳುತ್ತಾ ಕೂರದೆ ಆ ಗಳಿಗೆಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು."

ಅಮ್ಮ ಎಲ್ಲಾ ಕೇಳಿಸಿಕೊಂಡಳು. "ಅಂದರೆ ಹೇಳಬೇಕೋ, ಹೇಳಬಾರದೋ?" ಅಂದಳು.

ಮೊನ್ನೆ ಮತ್ತೆ ಗ್ಯಾಸ್ ಬಂತು. ನಾನು ಸ್ನಾನಕ್ಕೆ ಹೋಗಿದ್ದೆ. ಹೊರಗೆ ಬರುವಷ್ಟರಲ್ಲಿ ಸಿಲಿಂಡರ್ ಅಡುಗೆಮನೆಯಲ್ಲಿತ್ತು, ಹುಡುಗ ಹೋಗಿಯಾಗಿತ್ತು.

"ಒಟಿಪಿ ಹೇಳಿದೆಯಾ?" ಅಂದೆ, ಸಮಾಧಾನದಿಂದ.

"ಛೆ, ನಾನ್ಯಾಕೆ ಹೇಳಲಿ?" ಅಂದಳು ಅಮ್ಮ. "ಫೋನನ್ನೇ ಅವನ ಕೈಗೆ ಕೊಟ್ಟೆ. ಅವನೇ ನೋಡ್ಕೊಂಡ."