ಮೆದೆಯಲ್ಲಿರುವ ಹುಲ್ಲು, ಲೆಕ್ಕದಲ್ಲಿ ಹೊಲದಲ್ಲೇ ಇದೆ

ಹೋದ ವಾರ ಅಣ್ಣನ ಮಗಳು ವಾಟ್ಸಾಪ್‌ನಲ್ಲಿ ಒಂದು ಚಿತ್ರ ಕಳಿಸಿದಳು. ಕೂಳೆ, ಹುಲ್ಲು, ದಂಟು ಇವುಗಳಿಂದ ಯಾವ ದೇಶ ಎಷ್ಟು ಹಸಿರುಮನೆ ಅನಿಲ ಬಿಡುತ್ತದೆ ಅನ್ನುವ ಹೋಲಿಕೆ. ಒಂದು ಕಡೆ ಭಾರತ, ಇನ್ನೊಂದು ಕಡೆ ಬ್ರಿಟನ್. ನಮ್ಮ ಕಂಬ ತೆಂಗಿನ ಮರದಷ್ಟು, ಅವರದು ರಾಗಿ ಪೈರಿನಷ್ಟು. "ಚಿಕ್ಕಪ್ಪ, ನಾವು ಇಷ್ಟೊಂದು ಹಾಳು ಮಾಡ್ತಿದ್ದೀವಾ?" ಅಂತ ಕೇಳಿದ್ದಳು.

ಎರಡು ಸಾಲಲ್ಲಿ ಉತ್ತರ ಕೊಡುವ ಪ್ರಶ್ನೆ ಅಲ್ಲ ಇದು. ಹಾಸನ ತಾಲ್ಲೂಕಿನಲ್ಲಿ ರಾಗಿ, ಮುಸುಕಿನ ಜೋಳ ಬೆಳೆಯುವವನಾಗಿ ನನಗೆ ಅನಿಸಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ಕಂಬದ ಎತ್ತರ. ಭಾರತದಲ್ಲಿ ಉಳುಮೆಯಾಗುವ ನೆಲ ಸುಮಾರು 14 ಕೋಟಿ ಹೆಕ್ಟೇರ್. ಬ್ರಿಟನ್ ದೇಶವೇ, ಕಾಡು, ಊರು, ಬೆಟ್ಟ ಎಲ್ಲ ಸೇರಿ, ಸುಮಾರು 2.4 ಕೋಟಿ ಹೆಕ್ಟೇರ್. ಒಟ್ಟು ಮೊತ್ತವನ್ನು ಪಕ್ಕಪಕ್ಕ ಇಟ್ಟರೆ ದೊಡ್ಡ ದೇಶ ತಪ್ಪಿತಸ್ಥನ ಥರ ಕಾಣುತ್ತದೆ, ಅಷ್ಟೇ.

ಅದಕ್ಕಿಂತ ನನ್ನನ್ನು ಕಾಡಿದ್ದು ಲೆಕ್ಕ ಹಾಕುವ ರೀತಿ. ಹೊಲಕ್ಕೆ ಬಂದು ಯಾರೂ ಅಳೆಯುವುದಿಲ್ಲ. ಇಷ್ಟು ಕಾಳು ಬಂದರೆ ಇಷ್ಟು ಹುಲ್ಲು, ಅದರಲ್ಲಿ ಇಷ್ಟು ಸಾರಜನಕ, ಹುಲ್ಲು ಹೊಲದಲ್ಲಿ ಕೊಳೆತಾಗ ಆ ಸಾರಜನಕದ ನೂರರಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್ ಅನ್ನುವ ಅನಿಲವಾಗಿ ಹೋಗುತ್ತದೆ ಅಂತ ಸೂತ್ರ. ಈ ಅನಿಲ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 265 ಪಟ್ಟು ಬಿಸಿ ಹಿಡಿಯುತ್ತದೆ. ಸರಿ, ಒಪ್ಪೋಣ. ಆದರೆ ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2006ರ ಕೈಪಿಡಿಯಲ್ಲಿ ಒಂದು ಮಾತಿದೆ. ಹುಲ್ಲನ್ನು ಹೊಲದಿಂದ ಹೊತ್ತೊಯ್ದ ಬಗ್ಗೆ ಮಾಹಿತಿ ಇಲ್ಲದಿದ್ದರೆ, ಏನೂ ಒಯ್ದಿಲ್ಲ ಅಂತಲೇ ಇಟ್ಟುಕೊಳ್ಳಿ!

ನಮ್ಮ ಮನೆ ಹಿತ್ತಲಿಗೆ ಬಂದು ನೋಡಿ. ಕಣದ ಪಕ್ಕ ರಾಗಿ ಹುಲ್ಲಿನ ಮೆದೆ. ಮಳೆ ನೀರು ಜಾರಲಿ ಅಂತ ಮೇಲೆ ಗೋಪುರ ಮಾಡಿ, ಹಗ್ಗ ಬಿಗಿದು ಕಲ್ಲು ಕಟ್ಟಿದ್ದೇವೆ. ಬೆಳಿಗ್ಗೆ ಹಿರಿದು ತಂದ ಹುಲ್ಲು ಸಂಜೆಗೆ ಡೈರಿ ಹಾಲಾಗುತ್ತದೆ, ಸಗಣಿ ತಿಪ್ಪೆ ಸೇರುತ್ತದೆ. ಹೊಲದಲ್ಲಿ ಉಳಿಯುವುದು ಗೇಣುದ್ದದ ಕೂಳೆ. ಮಾಹಿತಿ ಇಲ್ಲ ಅಂತ ಬಿಟ್ಟರೆ ಇದೇ ಹುಲ್ಲು ಒಮ್ಮೆ ಹೊಲದಲ್ಲಿ ಕೊಳೆತ ಲೆಕ್ಕಕ್ಕೆ, ಇನ್ನೊಮ್ಮೆ ಹಸುವಿನ ಮತ್ತು ಸಗಣಿಯ ಲೆಕ್ಕಕ್ಕೆ ಬೀಳುತ್ತದೆ. ರಾಗಿ ಹುಲ್ಲನ್ನು ಕಸ ಅಂದವರ ಮೇಲೆ ನನಗೆ ನಿಜವಾಗಲೂ ಬೇಜಾರಿದೆ.

ಹಾಗಂತ ನಮ್ಮ ಕೈ ಪೂರ್ತಿ ಚೊಕ್ಕ ಅಂತ ಹೇಳಲಾರೆ. ಮುಸುಕಿನ ಜೋಳದ ದಂಟಿನ ಕಥೆ ಬೇರೆ. ತೆನೆ ಮುರಿದ ಮೇಲೆ ದಂಟು ಒಣಗಿ ಬಿದಿರಿನಷ್ಟು ಗಟ್ಟಿ. ಕತ್ತರಿಸಿ ಹಾಕದಿದ್ದರೆ ದನ ಮೂಸಿ ನೋಡಿ ಮುಖ ತಿರುಗಿಸುತ್ತವೆ. ಕೂಲಿಯವರು ಸಿಗುವುದಿಲ್ಲ. ಕಡ್ಡಿ ಗೀರಿದರೆ ಅರ್ಧ ಗಂಟೆಯ ಕೆಲಸ. ಮೂರು ವರ್ಷದ ಹಿಂದೆ ನಾನೂ ಹಾಗೇ ಮಾಡಿದೆ. ಬೆಂಕಿ ಬದು ಹತ್ತಿತು. ಅಪ್ಪ ನೆಟ್ಟ ಹೊಂಗೆಯ ಒಂದು ಮಗ್ಗುಲು ಸುರುಟಿ ಕಂದಾಯಿತು. ಮಾರನೇ ದಿನ ಬೂದಿ ಸರಿಸಿದರೆ ಕೆಳಗಿನ ಮಣ್ಣು ಹುರಿದ ಹಿಟ್ಟಿನ ಥರ ಪುಡಿಪುಡಿ. ಅವತ್ತಿಂದ ಕಡ್ಡಿ ಗೀರಿಲ್ಲ.

ಅದೇ ಕೈಪಿಡಿಯ ಅಂಕಿ ಹಿಡಿದು ಕೂತು ಲೆಕ್ಕ ಹಾಕಿದೆ. ಒಂದು ಟನ್ ಒಣ ದಂಟು ಉರಿದರೆ 2.7 ಕಿಲೋ ಮೀಥೇನ್, 70 ಗ್ರಾಂ ನೈಟ್ರಸ್ ಆಕ್ಸೈಡ್. ಎರಡೂ ಸೇರಿ ಸುಮಾರು 94 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಅದನ್ನೇ ಪುಡಿ ಮಾಡಿ ಮಣ್ಣಿಗೆ ಸೇರಿಸಿದರೆ ಸುಮಾರು 25 ಕಿಲೋ. ಉರಿಯುವಾಗ ಬರುವ ಇಂಗಾಲದ ಡೈಆಕ್ಸೈಡನ್ನು ಇಲ್ಲಿ ಸೇರಿಸುವುದಿಲ್ಲ, ಮುಂದಿನ ಬೆಳೆ ಅದನ್ನು ವಾಪಸ್ ಹೀರುತ್ತದೆ ಅಂತ. ಹೊಗೆ ಕುಡಿದ ಎದೆಯ ಲೆಕ್ಕವಂತೂ ಯಾವ ಕಾಲಂನಲ್ಲೂ ಇಲ್ಲ.

ಬ್ರಿಟನ್ನಿನವರೂ ಸುಡುತ್ತಿದ್ದರು, ಗೊತ್ತಾ? ಇಂಗ್ಲೆಂಡ್, ವೇಲ್ಸ್‌ನಲ್ಲಿ ಕೂಳೆ ಸುಡುವುದಕ್ಕೆ ನಿಷೇಧ ಬಂದಿದ್ದು 1993ರಲ್ಲಿ. ಈಗ ಅಲ್ಲಿ ಕಟಾವು ಮಷಿನ್ನೇ ಹುಲ್ಲು ಕತ್ತರಿಸಿ ಹರಡುತ್ತದೆ, ಇಲ್ಲವೇ ಬೇಲ್ ಕಟ್ಟುತ್ತಾರೆ. ನಮ್ಮ ಪಂಜಾಬಿನ ರೈತನಿಗೆ ಭತ್ತ ಕೊಯ್ದು ಗೋಧಿ ಬಿತ್ತುವುದಕ್ಕೆ ಸಿಗುವುದು ಎರಡು ಮೂರು ವಾರ. ಅಂತರ್ಜಲ ಉಳಿಸಲು 2009ರಲ್ಲಿ ತಂದ ಕಾಯ್ದೆ ನಾಟಿಯನ್ನು ಜೂನ್‌ಗೆ ತಳ್ಳಿತು, ಕೊಯ್ಲೂ ಹಿಂದೆ ಹೋಯಿತು. ಆತ ಬೇಕಂತ ಸುಡುತ್ತಿಲ್ಲ.

ಹಾಗಾಗಿ ಮಗಳೇ, ಆ ಎರಡು ಕಂಬ ನೋಡಿ ತಲೆ ತಗ್ಗಿಸಬೇಡ. ಹುಲ್ಲು ಎಲ್ಲಿಗೆ ಹೋಯಿತು ಅಂತ ಮೊದಲು ಕೇಳು. ಬೆಳೆ ಸಮೀಕ್ಷೆಗೆ ಬಂದವರು ಯಾವ ಬೆಳೆ, ಎಷ್ಟು ಎಕರೆ ಅಂತ ಬರೆದುಕೊಂಡು ಹೋಗುತ್ತಾರೆ. ಹುಲ್ಲು ಏನು ಮಾಡಿದಿರಿ ಅಂತ ಇನ್ನೊಂದು ಪ್ರಶ್ನೆ ಕೇಳಲಿ, ಸಂತೋಷವಾಗಿ ಹೇಳುತ್ತೇವೆ.

ದಂಟು ಪುಡಿ ಮಾಡುವ ಮಷಿನ್ ಈ ಸಲ ನಾವು ನಾಲ್ಕು ಮನೆಯವರು ಸೇರಿ ಬಾಡಿಗೆಗೆ ತರುತ್ತಿದ್ದೇವೆ. ಅರಸೀಕೆರೆ, ಕಡೂರು ಕಡೆಯ ಗೆಳೆಯರು ಯಾರಾದರೂ ಬಳಸಿದ್ದರೆ ಗಂಟೆಗೆ ಎಷ್ಟು ಡೀಸೆಲ್ ಕುಡಿಯುತ್ತದೆ ಅಂತ ಕೆಳಗೆ ಬರೆಯಿರಿ.